ಸೇನೆಯ ಖರೀದಿಗೆ ಲಂಚ ಯಾವ ಬಾಗಿಲಿನಿಂದ ಬರುತ್ತದೆ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಗ ಅಗ್ನಿವೀರ್ ಆಗಬೇಕೆಂದು ದಿನಾ ಬೆಳಗಿನ ಜಾವ ಐದಕ್ಕೆ ಎದ್ದು ಓಡುತ್ತಾನೆ. ಮೊನ್ನೆ ಶಿವಮೊಗ್ಗದಿಂದ ಬರುವಾಗ ಬಸ್ಸಿನಲ್ಲಿ ದೊಡ್ಡ ಚರ್ಚೆ. ‘ಬೊಫೋರ್ಸ್‌ನಿಂದ ಹಿಡಿದು ಹೆಲಿಕಾಪ್ಟರ್ ತನಕ ಎಲ್ಲದರಲ್ಲೂ ತಿಂದಿದ್ದಾರೆ, ಒಬ್ಬರಿಗೂ ಶಿಕ್ಷೆಯಾಗಿಲ್ಲ’ ಎಂದರು ಒಬ್ಬರು. ಇನ್ನೊಬ್ಬರು, ‘ಆ ಬೊಫೋರ್ಸ್ ಗನ್ನೇ ಅಲ್ಲವೇ ಕಾರ್ಗಿಲ್ ಗೆಲ್ಲಿಸಿದ್ದು? ದುಡ್ಡು ತಿಂದರೆ ತಿಂದರು, ಸೈನಿಕನಿಗೇನು ನಷ್ಟ?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಇಷ್ಟೆಲ್ಲ ಕಮಿಟಿ, ಟೆಂಡರ್, ಆಡಿಟ್ ಇದ್ದೂ ಲಂಚ ಹೇಗೆ ನುಸುಳುತ್ತದೆ? ಇನ್ನೊಂದು ವಿಷಯವನ್ನೂ ಕೇಳಬೇಕು. ಮಗನಿಗೆ ಎಡಗಣ್ಣಿನ ದೃಷ್ಟಿ ಕೊಂಚ ಕಮ್ಮಿ ಇರಬಹುದೆಂಬ ಅನುಮಾನವಿದೆ. ಪರಿಚಯದವರೊಬ್ಬರು ಎರಡೂವರೆ ಲಕ್ಷ ಕೊಟ್ಟರೆ ಮೆಡಿಕಲ್ ನಾನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಏನು ಮಾಡಲಿ?

ಉತ್ತರ: ಕೊನೆಯ ಮಾತಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕೊಡಬೇಡಿ. ಯಾಕೆ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಬಸ್ಸಿನ ಪ್ರಶ್ನೆಯನ್ನು ಬಿಡಿಸದೆ ಅದು ಪೂರ್ತಿ ಅರ್ಥವಾಗುವುದಿಲ್ಲ.

ನಾನು ರಕ್ಷಣಾ ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ತೀರ್ಥಹಳ್ಳಿಯಲ್ಲಿ ನೆಲೆಸಿದ್ದೇನೆ. ಫಿರಂಗಿ, ವಿಮಾನಗಳ ಕಡತ ನನ್ನ ಮೇಜಿಗೆ ಬಂದದ್ದಿಲ್ಲ. ನನ್ನ ಪಾಲಿಗೆ ಬಂದದ್ದು ಡೇರೆ, ಕಾಲುಚೀಲ, ಮಳೆ ಅಂಗಿ, ತರಕಾರಿ, ಮೊಟ್ಟೆ. ಆದರೆ ದೊಡ್ಡ ಖರೀದಿಯೂ ಸಣ್ಣ ಖರೀದಿಯೂ ನಡೆಯುವ ದಾರಿ ಒಂದೇ, ಕಳ್ಳರು ಕಾಯುವ ತಿರುವೂ ಒಂದೇ.

ಸೇನೆಗೆ ಒಂದು ವಸ್ತು ಬೇಕೆನಿಸಿದಾಗ ಮೊದಲು ಅದು ಹೇಗಿರಬೇಕು ಎಂದು ಬರೆಯುತ್ತಾರೆ. ಎಷ್ಟು ತೂಕ, ಎಷ್ಟು ದೂರ, ಎಷ್ಟು ಎತ್ತರ, ಎಷ್ಟು ಚಳಿಗೆ ತಡೆಯಬೇಕು. ಈ ಪಟ್ಟಿಗೆ ನಮ್ಮಲ್ಲಿ ಕ್ಯೂಆರ್ ಅನ್ನುತ್ತಿದ್ದರು. ಆಮೇಲೆ ‘ಇದು ಬೇಕೇ ಬೇಕು’ ಎಂಬ ಒಪ್ಪಿಗೆ. ದೊಡ್ಡ ಖರೀದಿಯಾದರೆ ಇದನ್ನು ಕೊಡುವುದು ರಕ್ಷಣಾ ಸಚಿವರ ಅಧ್ಯಕ್ಷತೆಯ ಖರೀದಿ ಮಂಡಳಿ. ಕಾರ್ಗಿಲ್ ಯುದ್ಧದ ಪಾಠದಿಂದ 2001ರಲ್ಲಿ ಮಾಡಿದ ವ್ಯವಸ್ಥೆ ಅದು. ಅಲ್ಲಿಂದ ಮುಂದೆ ಟೆಂಡರ್, ತಾಂತ್ರಿಕ ಪರಿಶೀಲನೆ, ಮರಳುಗಾಡಿನಲ್ಲೂ ಹಿಮದಲ್ಲೂ ಟ್ರಯಲ್, ಟ್ರಯಲ್ ವರದಿ, ಬೆಲೆಯ ಲಕೋಟೆ ಒಡೆದು ಎಲ್ಲರಿಗಿಂತ ಕಡಿಮೆ ಹೇಳಿದವನನ್ನು ಎಲ್‌1 ಎಂದು ಗುರುತಿಸುವುದು, ಅವನೊಂದಿಗೆ ಚೌಕಾಸಿ, ಹಣಕಾಸಿನವರ ಒಪ್ಪಿಗೆ, ಕೊನೆಗೆ ಪ್ರಧಾನಿ ಅಧ್ಯಕ್ಷತೆಯ ಸಂಪುಟ ಸಮಿತಿ. ಹತ್ತು ವರ್ಷ ಹಿಡಿದ ಕಡತಗಳೂ ಇವೆ.

ಲಂಚ ಎಂದ ಕೂಡಲೇ ಜನರ ಕಣ್ಣಿಗೆ ಬರುವುದು ಬೆಲೆ ಲಕೋಟೆ ಒಡೆಯುವ ಕೋಣೆ. ನನ್ನ ಅನುಭವದಲ್ಲಿ ಆ ಕೋಣೆ ಬಹುಮಟ್ಟಿಗೆ ಚೊಕ್ಕಟ. ಅಲ್ಲಿ ಏಳೆಂಟು ಜನ ಕೂತಿರುತ್ತಾರೆ, ಬಂದ ಕಂಪನಿಗಳವರೂ ಎದುರಿಗೇ ಇರುತ್ತಾರೆ, ಪ್ರತಿ ಹಾಳೆಗೂ ಸಹಿ ಬೀಳುತ್ತದೆ. ಅಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಮೊದಲ ಹಾಳೆಯಲ್ಲೇ, ಆ ಅಳತೆಯ ಪಟ್ಟಿಯಲ್ಲೇ, ಯಾರಿಗೆ ಸಿಗಬೇಕೆಂದು ತೀರ್ಮಾನವಾಗಿ ಹೋಗಿರುತ್ತದೆ.

ನಿಮಗೆ ಅಡಿಕೆಯ ಲೆಕ್ಕದಲ್ಲಿ ಹೇಳುತ್ತೇನೆ. ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಮಾಡಿ ಇಟ್ಟಿರುತ್ತಾರೆ. ವ್ಯಾಪಾರಿ ಬಂದು ಮಾದರಿ ನೋಡಿ ಚೀಟಿಯಲ್ಲಿ ದರ ಬರೆಯುತ್ತಾನೆ. ಈಗ ಒಂದು ದೊಡ್ಡ ಸಂಸ್ಥೆ ಅಡಿಕೆ ಕೊಳ್ಳಲು ಟೆಂಡರ್ ಕರೆಯಿತು ಎಂದಿಟ್ಟುಕೊಳ್ಳಿ. ‘ಒಳ್ಳೆಯ ಸರಕು ಬೇಕು’ ಎಂದು ಬರೆದರೆ ನೀವೂ ಹಾಕಬಹುದು, ನಿಮ್ಮ ಪಕ್ಕದ ಮನೆಯವರೂ ಹಾಕಬಹುದು. ಅದೇ, ‘ಐವತ್ತು ವರ್ಷದ ತೋಟದ್ದು, ಚೊಗರು ಇಷ್ಟೇ ಬಣ್ಣಕ್ಕೆ ನಿಂತದ್ದು, ಒಂದೇ ಕೊಯ್ಲಿನ ಇನ್ನೂರು ಚೀಲ ಒಂದೇ ಕಡೆ ಸಿಗಬೇಕು’ ಎಂದು ಬರೆದರೆ? ಊರಿನವರಿಗೆಲ್ಲ ಗೊತ್ತು ಅದು ಯಾವ ಮನೆ ಎಂದು. ಆಮೇಲೆ ಟೆಂಡರ್ ಎಷ್ಟು ಬಹಿರಂಗವಾಗಿ ನಡೆದರೂ, ಲಕೋಟೆಗೆ ಎಷ್ಟು ಅರಗು ಹಾಕಿದರೂ, ಹೋಗುವುದು ಆ ಮನೆಗೇ. ದರದಲ್ಲಿ ಒಂದು ಪೈಸೆ ತಪ್ಪು ಹುಡುಕಲು ನನ್ನಂಥ ಲೆಕ್ಕದವನಿಂದ ಆಗುವುದಿಲ್ಲ.

ಇಟಲಿಯ ಗುಂಪಿಗೆ ಸೇರಿದ ಅಗಸ್ಟಾ ವೆಸ್ಟ್‌ಲ್ಯಾಂಡ್ ಕಂಪನಿಯ ಹೆಲಿಕಾಪ್ಟರ್ ಲಂಚ ಪ್ರಕರಣವನ್ನು ಈ ಕಣ್ಣಿನಿಂದ ಓದಬೇಕು. ರಾಷ್ಟ್ರಪತಿ, ಪ್ರಧಾನಿಯಂಥವರ ಓಡಾಟಕ್ಕೆ 12 ಹೆಲಿಕಾಪ್ಟರ್, ಸುಮಾರು 3,600 ಕೋಟಿ ರೂಪಾಯಿ, ಒಪ್ಪಂದಕ್ಕೆ ಸಹಿ 2010ರ ಫೆಬ್ರುವರಿ. ಬಸ್ಸಿನಲ್ಲಿ ಮಾತಾಡುವವರು ಕೋಟಿಯ ಲೆಕ್ಕ ಹೇಳುತ್ತಾರೆ. ನಾನು ನೋಡುವುದು ಎರಡು ಅಂಕಿ. ಒಂದು, ಹೆಲಿಕಾಪ್ಟರ್ ಎಷ್ಟು ಎತ್ತರಕ್ಕೆ ಏರಬೇಕು. ಮೊದಲು 6,000 ಮೀಟರ್ ಎಂದಿತ್ತು, ಆಮೇಲೆ 4,500ಕ್ಕೆ ಇಳಿಯಿತು. ನಮ್ಮ ಕೊಡಚಾದ್ರಿ 1,343 ಮೀಟರ್. ಅಂದರೆ ಅಂಥ ಒಂದು ಕೊಡಚಾದ್ರಿಯನ್ನೂ ಇನ್ನಷ್ಟನ್ನೂ ತೆಗೆದುಹಾಕಿದ ಹಾಗಾಯಿತು. ಇನ್ನೊಂದು, ಒಳಗೆ ಜನ ಕೂರುವ ಕ್ಯಾಬಿನ್ನಿನ ಎತ್ತರ ಕನಿಷ್ಠ 1.8 ಮೀಟರ್ ಇರಬೇಕು ಎಂಬ ಷರತ್ತು ಸೇರಿತು. ಮೊದಲ ಬದಲಾವಣೆಯಿಂದ ಅಗಸ್ಟಾದ ಯಂತ್ರ ಸ್ಪರ್ಧೆಗೆ ಬರಲು ಬಾಗಿಲು ತೆರೆಯಿತು, ಎರಡನೆಯದರಿಂದ ಉಳಿದವರಿಗೆ ಬಾಗಿಲು ಕಿರಿದಾಯಿತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು (ಸಿಎಜಿ) 2013ರ ವರದಿಯಲ್ಲಿ ಈ ಕ್ಯಾಬಿನ್ ಎತ್ತರದ ಮೇಲೆ ಬೆರಳಿಟ್ಟರು. ಪರೀಕ್ಷೆಯ ಹಾರಾಟ ನಡೆದದ್ದು ವಿದೇಶದಲ್ಲಿ, ಅದೂ ಕೊಳ್ಳಬೇಕಾದ ಯಂತ್ರದ ಬದಲು ಬೇರೆ ಮಾದರಿಗಳ ಮೇಲೆ ಎಂಬುದನ್ನೂ ಅವರೇ ಬರೆದರು.

ಆದರೆ ನ್ಯಾಯವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಎತ್ತರ ಇಳಿಸಿದ್ದಕ್ಕೆ ಕಡತದಲ್ಲಿ ಕಾರಣವಿದೆ. 6,000 ಮೀಟರ್ ಇಟ್ಟರೆ ಒಂದೇ ಕಂಪನಿ ಉಳಿಯುತ್ತಿತ್ತು, ಸ್ಪರ್ಧೆಯೇ ಇರುತ್ತಿರಲಿಲ್ಲ. ಕಾಗದದ ಮೇಲೆ ಇದು ಒಪ್ಪತಕ್ಕ ಮಾತು. ಅದನ್ನು ಒಬ್ಬರೇ ಕೂತು ತೀರ್ಮಾನಿಸಿದ್ದೂ ಅಲ್ಲ, ಹಲವು ಮೇಜು ದಾಟಿ ಬಂದದ್ದು. 2016ರ ಡಿಸೆಂಬರಿನಲ್ಲಿ ಬಂಧನಕ್ಕೊಳಗಾದ ವಾಯುಪಡೆಯ ಮಾಜಿ ಮುಖ್ಯಸ್ಥ ಎಸ್.ಪಿ. ತ್ಯಾಗಿ ಹೇಳುವುದೂ ಇದನ್ನೇ. ಇಟಲಿಯಲ್ಲಿ ಆ ಕಂಪನಿಯ ದೊಡ್ಡ ಅಧಿಕಾರಿಗಳು 2013ರಲ್ಲಿ ಬಂಧನಕ್ಕೊಳಗಾದರು, ಒಂದು ಕೋರ್ಟು ಶಿಕ್ಷೆ ಕೊಟ್ಟಿತು, 2018ರ ಜನವರಿಯಲ್ಲಿ ಇನ್ನೊಂದು ಕೋರ್ಟು ಖುಲಾಸೆ ಮಾಡಿತು. ಮಧ್ಯವರ್ತಿ ಎಂದು ಆರೋಪ ಹೊತ್ತ ಕ್ರಿಶ್ಚಿಯನ್ ಮಿಶೆಲ್‌ನನ್ನು 2018ರ ಡಿಸೆಂಬರಿನಲ್ಲಿ ದುಬೈನಿಂದ ಕರೆತಂದರು. ಆರು ವರ್ಷ ಕಳೆದರೂ ವಿಚಾರಣೆ ಮುಗಿಯದೆ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ನಮ್ಮ ಕೆಲಸದ ದೊಡ್ಡ ಕಷ್ಟವೇ ಇದು. ಪ್ರಾಮಾಣಿಕ ಅಧಿಕಾರಿ ಅಳತೆ ಬದಲಿಸಿದಾಗ ಬರೆಯುವ ಟಿಪ್ಪಣಿಯೂ ದುಡ್ಡು ತಿಂದವನು ಬರೆಯುವ ಟಿಪ್ಪಣಿಯೂ ಒಂದೇ ಇಂಗ್ಲಿಷಿನಲ್ಲಿ, ಒಂದೇ ಧಾಟಿಯಲ್ಲಿ ಇರುತ್ತವೆ.

ಇದನ್ನು ನಾನು ನನ್ನ ಕೈಯಾರೆ ಮುಟ್ಟಿ ನೋಡಿದ್ದು ಒಂದು ಮಳೆ ಅಂಗಿಯ ಕಡತದಲ್ಲಿ. ತೊಂಬತ್ತರ ದಶಕದ ಕೊನೆ. ಮಳೆ ಹೆಚ್ಚಿರುವ ಗಡಿ ಪ್ರದೇಶದ ತುಕಡಿಗಳಿಗೆ ಕೊಳ್ಳುವ ಅಂಗಿ. ಹಳೆಯ ಪಟ್ಟಿಯಲ್ಲಿ, ಬಟ್ಟೆಯ ಮೇಲೆ ಇಷ್ಟು ಸೆಂಟಿಮೀಟರ್ ನೀರು ಇಷ್ಟು ಹೊತ್ತು ನಿಂತರೂ ಅಡಿಯಲ್ಲಿ ಹನಿ ಮೂಡಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಹೊಸ ಪಟ್ಟಿಯಲ್ಲಿ ಆ ಸಾಲು ಹೋಗಿ ‘ಬಟ್ಟೆ ನೀರು ತಡೆಯುವಂತಿರಬೇಕು’ ಎಂದಷ್ಟೇ ಇತ್ತು. ಅಂಕಿ ಮಾಯ. ಮಾದರಿ ಅಂಗಿಯೊಂದು ಕಡತದ ಜೊತೆ ನನ್ನ ಕೋಣೆಗೆ ಬಂದಿತ್ತು, ಕುತ್ತಿಗೆಯ ಹತ್ತಿರ ಅರಗಿನ ಮುದ್ರೆ, ಸಹಿ ಮಾಡಿದ ರಟ್ಟಿನ ಚೀಟಿ. ಕೈಗೆತ್ತಿಕೊಂಡಾಗಲೇ ಮನಸ್ಸಿಗೆ ಸರಿ ಬರಲಿಲ್ಲ. ಕಂಬಳಿ ಕೊಪ್ಪೆ ಹೊದ್ದು ಸಸಿ ನೆಡಲು ಹೋದವನಿಗೆ ಯಾವುದು ನೀರು ಕುಡಿಯುತ್ತದೆ, ಯಾವುದು ಜಾರಿಸುತ್ತದೆ ಎಂದು ಬೆರಳಿಗೆ ಗೊತ್ತಿರುತ್ತದೆ. ಸಂಜೆ ಎಲ್ಲರೂ ಹೋದ ಮೇಲೆ ಸ್ಟೂಲನ್ನು ತಲೆಕೆಳಗು ಮಾಡಿ ಅದರ ನಾಲ್ಕು ಕಾಲಿಗೆ ಅಂಗಿಯ ಬೆನ್ನಿನ ಭಾಗವನ್ನು ಜೋಳಿಗೆಯಂತೆ ಕಟ್ಟಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಒಂದು ಚೊಂಬು ನೀರು ಹೊಯ್ದೆ. ಮೊದಲು ಏನೂ ಆಗಲಿಲ್ಲ. ಚಹಾ ಕುಡಿದು ಬಂದು ನೋಡಿದರೆ ಹೊಲಿಗೆಯ ಉದ್ದಕ್ಕೂ ಸಾಲು ಹನಿ, ಪತ್ರಿಕೆಯ ಮೇಲೆ ಅಂಗೈಯಗಲ ಒದ್ದೆ.

ಮರುದಿನ ಆಕ್ಷೇಪ ಬರೆದೆ, ಅಂಕಿ ಯಾಕೆ ತೆಗೆದಿರಿ ಎಂದು ಕೇಳಿ. ಹದಿನೈದು ದಿನಕ್ಕೆ ಉತ್ತರ ಬಂತು. ‘ಬಳಕೆದಾರರ ಅಗತ್ಯ ಪರಿಷ್ಕರಿಸಲಾಗಿದೆ, ಸಕ್ಷಮ ಪ್ರಾಧಿಕಾರ ಒಪ್ಪಿದೆ, ಲೆಕ್ಕಪತ್ರ ಶಾಖೆ ದರದ ಬಗ್ಗೆ ಮಾತ್ರ ಅಭಿಪ್ರಾಯ ಕೊಡುವುದು.’ ದರದಲ್ಲಿ ತಪ್ಪೇ ಇರಲಿಲ್ಲ. ಹಳೆಯ ಅಂಗಿಗಿಂತ ಅಗ್ಗವೇ ಇತ್ತು. ಕೊನೆಗೆ ಬಿಲ್ಲಿಗೆ ಪಾಸ್ ಹಾಕಿದವನು ನಾನೇ. ಆ ವರ್ಷ ದೀಪಾವಳಿಗೆ ನಮ್ಮ ಶಾಖೆಗೆ ಒಣಹಣ್ಣಿನ ಡಬ್ಬಿಗಳು ಬಂದವು. ನನ್ನ ಮೇಜಿನ ಮೇಲಿಟ್ಟದ್ದನ್ನು ಹಿಂದಕ್ಕೆ ಕಳಿಸಿದೆ. ಅದರಿಂದ ಆ ಅಂಗಿ ತೊಟ್ಟು ಕಾವಲು ನಿಂತ ಹುಡುಗನ ಬೆನ್ನು ಒಣಗಲಿಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂದು ನನಗೆ ಇವತ್ತಿಗೂ ಸಾಬೀತು ಮಾಡಲಾಗದು. ಒಂದು ಅಂಕಿ ಕಾಣೆಯಾಯಿತು ಎಂದಷ್ಟೇ ಹೇಳಬಲ್ಲೆ. ಆಗುಂಬೆಯಲ್ಲಿ ಮಳೆ ಹಿಡಿದ ದಿನ ಆ ಪತ್ರಿಕೆಯ ಒದ್ದೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಈಗ ಬೊಫೋರ್ಸ್‌ಗೆ ಬರೋಣ. ‘ಗನ್ ಚೆನ್ನಾಗಿತ್ತಲ್ಲ, ಹಾಗಾದರೆ ನಷ್ಟ ಏನು’ ಎಂದು ಕೇಳಿದವರಿಗೆ ಸಿಟ್ಟು ಮಾಡಬೇಡಿ, ಬಹಳ ಸರಿಯಾದ ಪ್ರಶ್ನೆ ಅದು. ಗನ್ ಚೆನ್ನಾಗಿಯೇ ಇತ್ತು. 1999ರಲ್ಲಿ ದ್ರಾಸ್, ಟೋಲೊಲಿಂಗ್, ಟೈಗರ್ ಹಿಲ್ ಕಡೆ ಶಿಖರದ ಮೇಲೆ ಕೂತ ಶತ್ರುವಿನ ಮೇಲೆ ನೇರವಾಗಿ ಗುಂಡು ಹಾರಿಸಿದ್ದು ಆ 155 ಮಿಲಿಮೀಟರ್ ಫಿರಂಗಿಗಳೇ.

ಸ್ವೀಡನ್ನಿನ ಬೊಫೋರ್ಸ್ ಕಂಪನಿಯಿಂದ ಆ ಫಿರಂಗಿಗಳನ್ನು ಕೊಳ್ಳುವ ಒಪ್ಪಂದಕ್ಕೆ 1986ರ ಮಾರ್ಚ್ 24ರಂದು 1,437 ಕೋಟಿ ರೂಪಾಯಿಗೆ ಸಹಿ ಬಿತ್ತು. ದಲ್ಲಾಳಿ ಇರಕೂಡದು ಎಂದು ಸರ್ಕಾರ ಮೊದಲೇ ಹೇಳಿತ್ತು. 1987ರ ಏಪ್ರಿಲ್ 16ರಂದು ಸ್ವೀಡನ್ನಿನ ರೇಡಿಯೊ, ಇದರಲ್ಲಿ ಲಂಚ ಹೋಗಿದೆ ಎಂದು ಬಿತ್ತರಿಸಿತು. ಆಮೇಲೆ ಪತ್ರಿಕೆಗಳು ಒಂದೊಂದೇ ದಾಖಲೆ ಹೊರಹಾಕಿದವು. ಅವುಗಳಲ್ಲಿ ನನಗೆ ಮರೆಯಲಾಗದ್ದು ಒಂದು ದಿನಾಂಕ. ತನಿಖೆಯವರು ಇಟಲಿಯ ವ್ಯಾಪಾರಿ ಒಟ್ಟಾವಿಯೊ ಕ್ವಟ್ರೋಚಿಗೆ ಸೇರಿದ್ದೆಂದು ಹೇಳಿದ ಎ.ಇ. ಸರ್ವಿಸಸ್ ಎಂಬ ಕಂಪನಿಯ ಜೊತೆ ಬೊಫೋರ್ಸ್ 1985ರ ನವೆಂಬರಿನಲ್ಲಿ ಒಂದು ಒಪ್ಪಂದ ಮಾಡಿಕೊಂಡಿತ್ತು. 1986ರ ಮಾರ್ಚ್ 31ರೊಳಗೆ ಭಾರತದ ಸಹಿ ಬಿದ್ದರೆ ಶೇಕಡ 3 ಕಮಿಷನ್, ಆ ದಿನ ದಾಟಿದರೆ ಇಲ್ಲ. ಸಹಿ ಬಿದ್ದದ್ದು ಗಡುವಿಗೆ ಏಳು ದಿನ ಮೊದಲು. ಸೇನೆ ವರ್ಷಗಟ್ಟಲೆ ಬಿಸಿಲಲ್ಲಿ ಚಳಿಯಲ್ಲಿ ಪರೀಕ್ಷೆ ಮಾಡಿದ ಫಿರಂಗಿಗೆ ಸಹಿ ಹಾಕಿಸುವ ದಿನವನ್ನು ಹೊರಗಿನವನೊಬ್ಬ ತನ್ನ ಕರಾರಿನಲ್ಲಿ ಬರೆದುಕೊಳ್ಳಬಲ್ಲ ಎಂದರೆ ಅವನಿಗೆ ಒಳಗೆ ಎಷ್ಟು ಸಲಿಗೆ ಇದ್ದಿರಬೇಕು, ಯೋಚಿಸಿ.

ತನಿಖೆಗೆ ಕೂತ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷರು ನಮ್ಮ ರಾಜ್ಯದವರೇ, ಚಿಕ್ಕೋಡಿಯ ಬಿ. ಶಂಕರಾನಂದ. ವಿರೋಧ ಪಕ್ಷಗಳು ಸಮಿತಿಯಿಂದ ದೂರ ಉಳಿದವು, ಸಮಿತಿಗೆ ಲಂಚ ಕಾಣಲಿಲ್ಲ. 1989ರ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. ಅಲ್ಲಿಗೆ ಜನ ನ್ಯಾಯ ಸಿಕ್ಕಿತೆಂದುಕೊಂಡರು. ನಿಜವಾದ ನಷ್ಟ ಶುರುವಾದದ್ದು ಆಗಲೇ.

ಆ ಒಪ್ಪಂದದಲ್ಲಿ ಫಿರಂಗಿಯ ನಕ್ಷೆ, ತಂತ್ರಜ್ಞಾನವೂ ಸೇರಿತ್ತು. ಇಲ್ಲೇ ತಯಾರಿಸಬಹುದಿತ್ತು. ಹಗರಣದ ಬೆಂಕಿಯಲ್ಲಿ ಆ ಕಾಗದಗಳನ್ನು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಬೊಫೋರ್ಸ್ ಎಂದು ಬರೆದ ಕಡತಕ್ಕೆ ಸಹಿ ಹಾಕಿದರೆ ನಾಳೆ ಸಿಬಿಐ ಬರುತ್ತದೆ ಎಂಬ ಹೆದರಿಕೆ. ಬಿಡಿಭಾಗ ಸಾಲದೆ ಇದ್ದ ಗನ್ನುಗಳನ್ನೇ ಬಿಚ್ಚಿ ಒಂದರ ಭಾಗ ಇನ್ನೊಂದಕ್ಕೆ ಹಾಕುವ ಸ್ಥಿತಿ ಬಂತು. ಕಾರ್ಗಿಲ್ ವೇಳೆಗೆ ಸೇನೆಯ ಮುಖ್ಯಸ್ಥ ಜನರಲ್ ವಿ.ಪಿ. ಮಲಿಕ್, ನಮ್ಮಲ್ಲಿ ಏನಿದೆಯೋ ಅದರಲ್ಲೇ ಹೋರಾಡುತ್ತೇವೆ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಯುದ್ಧಕ್ಕೆಂದು ತುರ್ತಾಗಿ 2,000 ಕೋಟಿಗೂ ಮಿಕ್ಕಿ ಖರೀದಿ ಮಾಡಿದರು. ಅದರ ಬಹುಪಾಲು ಬಂದು ಸೇರಿದ್ದು ಯುದ್ಧ ಮುಗಿದ ಮೇಲೆ ಎಂದು ಮಹಾಲೇಖಪಾಲರ ವರದಿ ಹೇಳಿತು.

ಆಮೇಲೂ ಅಷ್ಟೆ. ದಕ್ಷಿಣ ಆಫ್ರಿಕಾದ ಡೆನೆಲ್ ಕಂಪನಿಯ ಮೇಲೆ ಕಮಿಷನ್ನಿನ ಆರೋಪ ಬಂತು, 2005ರಲ್ಲಿ ಅದನ್ನು ಹೊರಗಿಟ್ಟರು. 2012ರಲ್ಲಿ ಇನ್ನೂ ಆರು ಕಂಪನಿಗಳಿಗೆ ಹತ್ತು ವರ್ಷ ನಿಷೇಧ. ಪ್ರತಿ ಸಲವೂ ಫಿರಂಗಿ ಕೊಳ್ಳುವ ಪ್ರಯತ್ನ ಮತ್ತೆ ಮೊದಲಿನಿಂದ. ಬೊಫೋರ್ಸ್ ನಂತರ ಸೇನೆಗೆ ಹೊಸ 155 ಮಿಲಿಮೀಟರ್ ಫಿರಂಗಿ ವಿದೇಶದಿಂದ ಬಂದದ್ದು 2017ರ ಮೇ ತಿಂಗಳಲ್ಲಿ, ಅಮೆರಿಕದ ಎಂ777. ಮೂವತ್ತು ವರ್ಷ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ, ದುಡ್ಡು ತಿಂದವರು ಎಲ್ಲೋ ಉಳಿದರು, ಬರೆ ಬಿದ್ದದ್ದು ಗಡಿಯಲ್ಲಿ ನಿಂತವನಿಗೆ. ಬಸ್ಸಿನವರಿಗೆ ಇದನ್ನೇ ಹೇಳಿ. ಲಂಚ ಹೋಗಿದೆಯೆಂದು ಹೇಳುವ 64 ಕೋಟಿ ಸಣ್ಣ ನಷ್ಟ. ದೊಡ್ಡ ನಷ್ಟ ಆ ಮೂವತ್ತು ವರ್ಷ.

ಕೊನೆಗೆ ಆ ಹಳೆಯ ನಕ್ಷೆಗಳನ್ನೇ ಆಧರಿಸಿ ಜಬಲ್ಪುರದಲ್ಲಿ ‘ಧನುಷ್’ ಎಂಬ ನಮ್ಮದೇ ಫಿರಂಗಿ ತಯಾರಾಯಿತು. ಸಂತೋಷದ ಸುದ್ದಿ ಅದು. ಅದರಲ್ಲೂ 2017ರ ಜುಲೈಯಲ್ಲಿ ಸಿಬಿಐ ಒಂದು ಪ್ರಕರಣ ದಾಖಲಿಸಿತು. ಜರ್ಮನಿಯದೆಂದು ಮುದ್ರೆ ಹೊತ್ತು ಬಂದ ಬೇರಿಂಗ್‌ಗಳು ಚೀನಾದವು ಎಂಬುದು ದೂರು. ಫಿರಂಗಿಯ ನಳಿಗೆ ಗುರಿಯತ್ತ ತಿರುಗುವುದು ಇಂಥ ಬೇರಿಂಗ್ ಮೇಲೆ. ಬೊಫೋರ್ಸ್‌ಗೆ ದೊಡ್ಡ ದೊಡ್ಡ ಹೆಸರುಗಳಿದ್ದವು. ಇಲ್ಲಿ ಇದ್ದದ್ದು ಒಬ್ಬ ಸರಬರಾಜುದಾರ, ಒಂದಿಷ್ಟು ಇನ್‌ಸ್ಪೆಕ್ಷನ್ ಕಾಗದ. ಇಂಥದ್ದಕ್ಕೆ ಸಂಸತ್ತು ನಿಲ್ಲುವುದಿಲ್ಲ, ಯಾರೂ ಬಸ್ಸಿನಲ್ಲಿ ಮಾತಾಡುವುದಿಲ್ಲ. ನನಗೆ ನಿದ್ದೆ ಕೆಡಿಸುವುದು ಇಂಥದ್ದೇ.

ಯಾಕೆ ಶಿಕ್ಷೆಯಾಗುವುದಿಲ್ಲ? ‘ಒಬ್ಬರಿಗೂ ಆಗಿಲ್ಲ’ ಎಂಬುದು ಪೂರ್ತಿ ಸರಿಯಲ್ಲ. 2001ರ ಮಾರ್ಚಿನಲ್ಲಿ ಪತ್ರಕರ್ತರು ಇಲ್ಲದ ಒಂದು ಕಂಪನಿಯ ಹೆಸರಿನಲ್ಲಿ ಕತ್ತಲಲ್ಲಿ ಕಾಣುವ ಕ್ಯಾಮೆರಾ ಮಾರಲು ಹೋದಂತೆ ನಟಿಸಿದರು. ಆಗ ಬಿಜೆಪಿ ರಾಷ್ಟ್ರೀಯ ಅಧ್ಯಕ್ಷರಾಗಿದ್ದ ಬಂಗಾರು ಲಕ್ಷ್ಮಣ್ ಒಂದು ಲಕ್ಷ ರೂಪಾಯಿ ತೆಗೆದುಕೊಂಡದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. 2012ರ ಏಪ್ರಿಲಿನಲ್ಲಿ ಅವರಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಅದೇ ಕಾರ್ಯಾಚರಣೆಯ ಇನ್ನೊಂದು ಪ್ರಕರಣದಲ್ಲಿ 2020ರಲ್ಲಿ ಸಮತಾ ಪಕ್ಷದ ಮಾಜಿ ಅಧ್ಯಕ್ಷೆ ಜಯಾ ಜೇಟ್ಲಿ ಮತ್ತು ಒಬ್ಬ ನಿವೃತ್ತ ಮೇಜರ್ ಜನರಲ್ ಸೇರಿ ಮೂವರಿಗೆ ಶಿಕ್ಷೆ ಪ್ರಕಟವಾಯಿತು. ಜೇಟ್ಲಿಯವರ ಶಿಕ್ಷೆಯನ್ನು ಅದೇ ದಿನ ಹೈಕೋರ್ಟ್ ಅಮಾನತಿನಲ್ಲಿಟ್ಟಿತು. ದುಡ್ಡು ಕೈಯಿಂದ ಕೈಗೆ ಹೋದದ್ದು ಕಣ್ಣಿಗೆ ಕಂಡಾಗ ಶಿಕ್ಷೆಯಾಗುತ್ತದೆ.

ಬೊಫೋರ್ಸ್‌ನಲ್ಲಿ ದುಡ್ಡು ಕೈಯಿಂದ ಕೈಗೆ ಹೋಗಲಿಲ್ಲ, ಸ್ವಿಸ್ ಬ್ಯಾಂಕಿನ ಖಾತೆಯಿಂದ ಖಾತೆಗೆ ಹೋಯಿತು. 1990ರ ಜನವರಿಯಲ್ಲಿ ಎಫ್‌ಐಆರ್, ಸ್ವಿಸ್ ದಾಖಲೆಗಳ ದೊಡ್ಡ ಕಟ್ಟು ಕೈಸೇರಿದ್ದು 1997ರಲ್ಲಿ, ಆರೋಪಪಟ್ಟಿ 1999ರಲ್ಲಿ. 2004ರಲ್ಲಿ ದೆಹಲಿ ಹೈಕೋರ್ಟ್ ರಾಜೀವ್ ಗಾಂಧಿಯವರ ಮೇಲಿನ ಲಂಚದ ಆರೋಪವನ್ನು ತೆಗೆದುಹಾಕಿತು. 2005ರಲ್ಲಿ ಉದ್ಯಮಿಗಳಾದ ಹಿಂದುಜಾ ಸಹೋದರರ ಮೇಲಿನ ಪ್ರಕರಣವನ್ನೇ ರದ್ದು ಮಾಡಿತು. ಸ್ವೀಡನ್ನಿನಿಂದ ಬಂದ ಕಾಗದಗಳು ದೃಢೀಕರಿಸದ ಜೆರಾಕ್ಸ್ ಪ್ರತಿಗಳು, ಸಾಕ್ಷ್ಯವಾಗಿ ನಿಲ್ಲುವುದಿಲ್ಲ ಎಂದಿತು. ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಜೆರಾಕ್ಸ್ ಕೊಟ್ಟರೆ ಮೂಲ ಪ್ರತಿ ತನ್ನಿ ಎನ್ನುತ್ತಾರಲ್ಲ, ಹಾಗೆ. ದೇಶದ ಅತಿ ದೊಡ್ಡ ತನಿಖೆ ಆ ಕಲ್ಲಿಗೇ ಎಡವಿತು. 2011ರಲ್ಲಿ ಕ್ವಟ್ರೋಚಿಯ ಮೇಲಿನ ಪ್ರಕರಣವೂ ಮುಗಿಯಿತು, 2013ರಲ್ಲಿ ಆತ ತೀರಿಕೊಂಡ. ಆದರೆ ಅದೇ 2011ರ ಆರಂಭದಲ್ಲಿ ಹೊರಬಿದ್ದ ಆದಾಯ ತೆರಿಗೆ ನ್ಯಾಯಮಂಡಳಿಯ ತೀರ್ಪು, ಕ್ವಟ್ರೋಚಿಗೂ ಬೊಫೋರ್ಸ್‌ನ ಭಾರತದ ಏಜೆಂಟನಾಗಿದ್ದ ವಿನ್ ಛಡ್ಡಾಗೂ ಸುಮಾರು 41 ಕೋಟಿ ಕಮಿಷನ್ ಸಂದಾಯವಾಗಿದೆ, ಅದರ ಮೇಲೆ ತೆರಿಗೆ ಬಾಕಿ ಇದೆ ಎಂದಿತ್ತು. ಲೆಕ್ಕದವನಾದ ನನಗೆ ಈ ತೀರ್ಪು ಬಹಳ ಮುಖ್ಯ. ಕಳ್ಳ ಸಿಗದಿದ್ದರೂ ದುಡ್ಡು ಹೋದದ್ದು ಪುಸ್ತಕದಲ್ಲಿ ಉಳಿದಿದೆ.

ಹಾಗೆಂದು ಹಗರಣ ಎಂಬ ಹೆಸರು ಬಿದ್ದದ್ದೆಲ್ಲ ಸತ್ಯವೂ ಅಲ್ಲ. ಸತ್ತ ಸೈನಿಕರಿಗೆಂದು ಶವಪೆಟ್ಟಿಗೆಗಳನ್ನು ಹೆಚ್ಚಿನ ಬೆಲೆಗೆ ಕೊಂಡರು ಎಂಬ ಕಾರ್ಗಿಲ್ ಶವಪೆಟ್ಟಿಗೆಯ ಗದ್ದಲ ನಿಮಗೆ ನೆನಪಿರಬೇಕು. ಆಗ ರಕ್ಷಣಾ ಸಚಿವರಾಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನು ಸಂಸತ್ತಿನಲ್ಲಿ ಹೇಗೆಲ್ಲ ಕೂಗಿ ಕರೆದರು. ಕಡೆಗೆ 2013ರಲ್ಲಿ ವಿಶೇಷ ನ್ಯಾಯಾಲಯ ಆರೋಪಿ ಅಧಿಕಾರಿಗಳನ್ನು ಬಿಡುಗಡೆ ಮಾಡಿತು, ಫರ್ನಾಂಡಿಸ್ ಅವರ ಮೇಲೆ ಏನೂ ನಿಲ್ಲಲಿಲ್ಲ. ಸುಳ್ಳು ಆರೋಪವೂ ಲಂಚದಷ್ಟೇ ಕೆಡುಕು ಮಾಡುತ್ತದೆ. ಮುಂದಿನ ಅಧಿಕಾರಿ ಸಹಿ ಹಾಕದೆ ಕಡತವನ್ನು ಮೇಲಕ್ಕೂ ಕೆಳಕ್ಕೂ ತಳ್ಳುತ್ತ ನಿವೃತ್ತಿಯ ದಿನ ಎಣಿಸುತ್ತಾನೆ.

ಈಗಿನ ಕಾವಲುಗಳ ಬಗ್ಗೆ ಚಿಕ್ಕದಾಗಿ. ಖರೀದಿಗೆ ಬರೆದಿಟ್ಟ ವಿಧಾನವಿದೆ, 2002ರಿಂದ ಹಲವು ಸಲ ತಿದ್ದಿ 2020ರಲ್ಲಿ ಹೊಸದು ಬಂತು. ದೊಡ್ಡ ಒಪ್ಪಂದಗಳಲ್ಲಿ ಕಂಪನಿ ಲಂಚ ಕೊಡುವುದಿಲ್ಲವೆಂದು ಬರೆದುಕೊಟ್ಟು ಠೇವಣಿ ಇಡಬೇಕು. 2014ರ ಜನವರಿ 1ರಂದು ಹೆಲಿಕಾಪ್ಟರ್ ಒಪ್ಪಂದ ರದ್ದಾದದ್ದು ಈ ಕರಾರಿನ ಬಲದಿಂದ, ಬ್ಯಾಂಕ್ ಖಾತರಿಯ ದುಡ್ಡನ್ನೂ ಸರ್ಕಾರ ವಸೂಲಿ ಮಾಡಿತು. ಇದು ನಿಜಕ್ಕೂ ಕೆಲಸ ಮಾಡಿದ ಕಾವಲು. ಆದರೆ ಇದು ದುಡ್ಡಿನ ಕಾವಲು. ಅಳತೆಯ ಪಟ್ಟಿ ಬದಲಾದಾಗ ಯಾರು, ಯಾವ ದಿನ, ಯಾರ ಮಾತಿನ ಮೇಲೆ ಬದಲಿಸಿದರು ಎಂಬುದನ್ನು ಹೊರಗಿನವರು ನೋಡುವ ವ್ಯವಸ್ಥೆ ಇನ್ನೂ ಬಲವಾಗಬೇಕು. ನನ್ನನ್ನು ಕೇಳಿದರೆ ಆ ಒಂದು ಹಾಳೆಗೆ ಹತ್ತು ಪಟ್ಟು ಕಾವಲು ಹಾಕಿ ಎನ್ನುತ್ತೇನೆ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ಸೇರಿಸಿದ 17ಎ ಕಲಮಿನಿಂದ, ಅಧಿಕಾರಿ ಕರ್ತವ್ಯದ ಮೇಲೆ ತೆಗೆದುಕೊಂಡ ತೀರ್ಮಾನವನ್ನು ತನಿಖೆ ಮಾಡಲು ಮೊದಲೇ ಅನುಮತಿ ಬೇಕು. ಪ್ರಾಮಾಣಿಕರಿಗೆ ರಕ್ಷಣೆ ಎಂದು ತಂದದ್ದು. ಅನುಮತಿ ಕೊಡುವುದು ಸರ್ಕಾರವೇ ಆದ್ದರಿಂದ ನನಗೆ ಇದು ಒಪ್ಪಿಗೆಯಿಲ್ಲ.

ನೀವು ಏನು ಮಾಡಬಹುದು ಎಂದು ಬಾಯಿಬಿಟ್ಟು ಕೇಳಿಲ್ಲ, ಆದರೂ ಹೇಳುತ್ತೇನೆ. ಮಹಾಲೇಖಪಾಲರ ರಕ್ಷಣಾ ವರದಿಗಳು ಸಂಸತ್ತಿನಲ್ಲಿ ಮಂಡನೆಯಾದ ಮೇಲೆ ಅಂತರ್ಜಾಲದಲ್ಲಿ ಸಿಗುತ್ತವೆ. ಕೋಟಿಯ ಅಂಕಿ ಬಿಟ್ಟು, ಎಲ್ಲೆಲ್ಲಿ ಗುಣಮಟ್ಟದ ಷರತ್ತು ಸಡಿಲಿಸಿದ್ದಾರೆ ಎಂದು ಹುಡುಕಿ ಓದಿ. ಸೇನೆ ಮಾಹಿತಿ ಹಕ್ಕಿನಿಂದ ಪೂರ್ತಿ ಹೊರಗಿದೆ ಎಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಭದ್ರತೆಗೆ ಧಕ್ಕೆಯಾಗುವುದನ್ನು ಕೊಡುವುದಿಲ್ಲ, ಆದರೆ ಕಾಲುಚೀಲದ ಟೆಂಡರ್ ದೇಶದ ಗುಟ್ಟಲ್ಲ. ಉಕ್ರೇನಿನಲ್ಲಿ 2023ರ ಜನವರಿಯಲ್ಲಿ ಆದದ್ದು ನೋಡಿ. ಯುದ್ಧದ ನಡುವೆಯೇ ಒಬ್ಬ ಪತ್ರಕರ್ತ ಸೇನೆಯ ಆಹಾರ ಖರೀದಿಯಲ್ಲಿ ಒಂದು ಮೊಟ್ಟೆಗೆ 17 ಹ್ರಿವ್ನಿಯಾ ಹಾಕಿದ್ದನ್ನು ಹೊರಗೆಳೆದ; ಅಂಗಡಿಯಲ್ಲಿ ಅದರ ಬೆಲೆ 7ರ ಆಸುಪಾಸು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಕ್ಷಣಾ ಸಚಿವರೇ ಬದಲಾದರು. ಮೊಟ್ಟೆಯ ದರ ಎಲ್ಲರಿಗೂ ಗೊತ್ತಿರುತ್ತದೆ ನೋಡಿ. ಇನ್ನು ಒಳಗಿನವರಾರಾದರೂ ನಿಮಗೆ ಪರಿಚಯವಿದ್ದು ದೂರು ಕೊಡಲು ಹೆದರುತ್ತಿದ್ದರೆ, ಕೇಂದ್ರ ಜಾಗೃತ ಆಯೋಗಕ್ಕೆ ಲಕೋಟೆಯ ಮೇಲೆ ‘ಪಿಐಡಿಪಿಐ’ ಎಂದು ಬರೆದು ಕಳಿಸಿದ ದೂರಿನಲ್ಲಿ ಹೆಸರನ್ನು ಗುಟ್ಟಾಗಿಡುವ ವ್ಯವಸ್ಥೆ 2004ರಿಂದ ಇದೆ. ಕೇಂದ್ರದ ಅಧಿಕಾರಿಗಳು, ಸರ್ಕಾರಿ ಉದ್ಯಮಗಳ ಮೇಲಿನ ದೂರಿಗೆ ಇದು. ಹೆಸರಿಲ್ಲದ ದೂರನ್ನು ತೆಗೆದುಕೊಳ್ಳುವುದಿಲ್ಲ.

ಇನ್ನು ನಿಮ್ಮ ಮಗನ ವಿಷಯ. ದಿಲ್ಲಿಯ ಲಂಚ ನಮ್ಮ ಮಲೆನಾಡಿನ ಮನೆ ಬಾಗಿಲಿಗೆ ಬರುವುದು ಈ ರೂಪದಲ್ಲಿ. ಎರಡೂವರೆ ಲಕ್ಷ ಕೇಳಿದವರು ಬಹುತೇಕ ಏನೂ ಮಾಡಲಾರರು. ಇದರ ಗುಟ್ಟು ಹೇಳುತ್ತೇನೆ. ಹತ್ತು ಹುಡುಗರಿಂದ ದುಡ್ಡು ಹಿಡಿಯುತ್ತಾರೆ, ಎಲ್ಲಿಗೂ ಹೋಗುವುದಿಲ್ಲ, ಯಾರನ್ನೂ ಕಾಣುವುದಿಲ್ಲ. ಮೂವರು ತಮ್ಮ ಶಕ್ತಿಯಿಂದಲೇ ಪಾಸಾಗುತ್ತಾರೆ, ಅವರ ದುಡ್ಡು ಇವರಿಗೆ. ಉಳಿದ ಏಳು ಜನಕ್ಕೆ ‘ಈ ಸಲ ಆಗಲಿಲ್ಲ’ ಎಂದು ವಾಪಸ್ ಕೊಟ್ಟು, ಮಾತಿಗೆ ತಪ್ಪದ ಮನುಷ್ಯ ಎನಿಸಿಕೊಳ್ಳುತ್ತಾರೆ. ಕೆಲವರು ವಾಪಸ್ಸೂ ಕೊಡುವುದಿಲ್ಲ. 2018ರ ತಿದ್ದುಪಡಿಯ ನಂತರ ಸರ್ಕಾರಿ ನೌಕರನಿಗೆ ಮುಟ್ಟಿಸಲೆಂದು ಲಂಚ ಕೊಡುವವನೂ ಅಪರಾಧಿಯೇ, ಏಳು ವರ್ಷದ ತನಕ ಶಿಕ್ಷೆ ಇದೆ. ಬಲವಂತದಿಂದ ಕೊಡಬೇಕಾಗಿ ಬಂದಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು.

ಒಂದು ವೇಳೆ ಅವರು ನಿಜಕ್ಕೂ ಮಾಡಿಸಿಬಿಟ್ಟರೆ? ನನಗೆ ಹೆಚ್ಚು ಭಯವಿರುವುದು ಅದಕ್ಕೇ. ಕಣ್ಣಿನ ದೃಷ್ಟಿ ಇಷ್ಟಿರಬೇಕು ಎಂಬುದೂ ಒಂದು ಅಳತೆಯೇ. ಮಳೆ ಅಂಗಿಯ ಪಟ್ಟಿಯಿಂದ ಒಂದು ಅಂಕಿ ತೆಗೆದ ಹಾಗೆ ನಿಮ್ಮ ಮಗನ ಕಾಗದದಿಂದಲೂ ಒಂದು ಅಂಕಿ ತೆಗೆಯುತ್ತಾರೆ. ರಾತ್ರಿ ಕಾವಲಿನಲ್ಲಿ ಅವನ ಎಡಗಡೆಯಿಂದ ಏನು ಬರುತ್ತದೋ ಅದು ಆ ಕಾಗದವನ್ನು ಓದಿಕೊಂಡು ಬರುವುದಿಲ್ಲ. ಅವನ ಪಕ್ಕದಲ್ಲಿ ಅವನನ್ನು ನಂಬಿ ಮಲಗಿರುವ ಇನ್ನೊಂದು ಮನೆಯ ಮಗನಿರುತ್ತಾನೆ.

ಈಗ ಭರ್ತಿ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳಿ. 2023ರಿಂದ ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ರ‍್ಯಾಲಿಯಲ್ಲಿ ಓಟ, ಆಮೇಲೆ ಮೆಡಿಕಲ್. ಮೆಡಿಕಲ್‌ನಲ್ಲಿ ಅನ್‌ಫಿಟ್ ಎಂದರೆ ಅಲ್ಲಿಗೇ ಮುಗಿಯಿತು ಎಂದಲ್ಲ. ಮಿಲಿಟರಿ ಆಸ್ಪತ್ರೆಯ ತಜ್ಞರಿಂದ ಮರುಪರೀಕ್ಷೆ ಕೇಳುವ ಅವಕಾಶವಿದೆ, ಅದಕ್ಕೆ ಯಾರ ಶಿಫಾರಸೂ ಬೇಡ. ಆದರೆ ಅಲ್ಲಿಯ ತನಕ ಕಾಯುವುದು ಯಾಕೆ? ಈ ವಾರವೇ ಒಂದು ದಿನ ಓಟ ಮುಗಿಸಿ ಬಂದವನನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋಗಿ. ಎರಡೂ ಕಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ ಅಂಕಿಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಭರ್ತಿಯ ಅಧಿಸೂಚನೆಯಲ್ಲಿ ಕೊಟ್ಟಿರುವ ಅಂಕಿಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ಅನುಮಾನವಿದ್ದರೆ ಆ ಚೀಟಿಯ ಫೋಟೊ ಸಹಿತ ನನಗೆ ಇನ್ನೊಮ್ಮೆ ಬರೆಯಿರಿ, ಇಬ್ಬರೂ ಕೂತು ನೋಡೋಣ.